ಹೊಗೆಗೂ ಲೆಕ್ಕ ಬರೆದ ಇಂಜಿನಿಯರ್

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕಾಲೇಜಿನಲ್ಲೂ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ಸೆಮಿನಾರ್ ಹಾಲಿನಲ್ಲಿ ಒಂದು ಭಾಷಣ, ಆಮೇಲೆ ಕಾಫಿ, ಸಂಜೆಯಾದ ಮೇಲೆ ಗ್ರೂಪಿನಲ್ಲಿ ಅವೇ ಎರಡು ಕಥೆಗಳ ಫಾರ್ವರ್ಡ್. ಒಂದು ಮೇಣದಬತ್ತಿಯದು, ಇನ್ನೊಂದು ರೈಲು ಹಳಿಯ ಸದ್ದಿನದು. ಎರಡೂ ನಿಮಗೆ ಬಾಯಿಪಾಠ ಇರೋದರಿಂದ ಇಲ್ಲಿ ಮತ್ತೆ ಹೇಳಲ್ಲ. ಕನ್ನಂಬಾಡಿ ಕಟ್ಟೆಯ ಕಥೆಯನ್ನೂ ಸ್ವಲ್ಪದರಲ್ಲೇ ಮುಗಿಸ್ತೀನಿ. ಈ ಸಲ ನಾನು ಬರೆಯಬೇಕು ಅಂದುಕೊಂಡಿರೋದು ಎಂ.ವಿ.ಯವರ ಬದುಕಿನಲ್ಲಿ ಅಷ್ಟಾಗಿ ಯಾರೂ ನೆನಪು ಮಾಡಿಕೊಳ್ಳದ ಒಂದು ವಿಷಯದ ಬಗ್ಗೆ: ಹೊಗೆ.

ನಮ್ಮೂರು ಅಜ್ಜಂಪುರ. ಮೊನ್ನೆಮೊನ್ನೆಯವರೆಗೂ ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ಇಲ್ಲಿಂದ ರೈಲಿನಲ್ಲಿ ಭದ್ರಾವತಿಗೆ ಹೋಗಬೇಕು ಅಂದ್ರೆ ಬೀರೂರಿಗೆ ಬಂದು ಶಿವಮೊಗ್ಗದ ಗಾಡಿ ಹಿಡೀಬೇಕು. ಅಷ್ಟೊತ್ತಿಗೆ ಕಡೂರಿನಲ್ಲಿ ಹತ್ತಿದವರು ಕಿಟಕಿ ಸೀಟು ಹಿಡಿದು ಆರಾಮಾಗಿ ಕೂತಿರ್ತಾರೆ. ತೆಂಗು, ಅಡಿಕೆ ತೋಟ ದಾಟಿ ತರೀಕೆರೆ ಹತ್ತಿರ ಬರುತ್ತಿದ್ದ ಹಾಗೆ ಎಡಗಡೆ ಬಾಬಾಬುಡನ್ ಬೆಟ್ಟಸಾಲು ಕಾಣುತ್ತೆ. ಆ ಸಾಲಿನಲ್ಲೇ ಕೆಮ್ಮಣ್ಣುಗುಂಡಿ ಇರೋದು. ನಾವು ಫ್ರೆಂಡ್ಸ್ ಜೊತೆ ಮಂಜು ನೋಡೋಕೆ ಹೋಗೋ ಜಾಗ. ಆದರೆ ಹೆಸರನ್ನೇ ಒಮ್ಮೆ ಬಿಡಿಸಿ ಓದಿ: ಕೆಂಪು, ಮಣ್ಣು, ಗುಂಡಿ. ಆ ಕೆಂಪು ಕಬ್ಬಿಣದ ಅದಿರಿನದು. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ಇಲ್ಲಿಂದ. ಅದಿರು ತುಂಬಿದ ತೊಟ್ಟಿಗಳು ಬೆಟ್ಟದ ಮೇಲಿಂದ ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿಯುತ್ತಿದ್ದವು, ಅಲ್ಲಿಂದ ಹಳಿಯ ಮೇಲೆ ಭದ್ರಾವತಿ. ಸ್ವಾತಂತ್ರ್ಯ ಬರುವವರೆಗೂ ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಕಾರ್ಖಾನೆ ಶಿವಮೊಗ್ಗ ಜಿಲ್ಲೆಯದಾದರೂ ಅದರ ಅದಿರು ಕಡೂರು ಜಿಲ್ಲೆಯದು. ಹಾಗಾಗಿ ಇದು ನಮ್ಮ ಸೀಮೆಯ ಕಥೆಯೂ ಹೌದು.

ಹರಿದು ಹೋಗುವುದನ್ನು ಹಿಡಿಯುವುದು

ಎಂ.ವಿ. ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಒಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮುಂದೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷವೇ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ.

ಅಲ್ಲಿ ಕಳೆದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳ ಪಟ್ಟಿ ಉದ್ದ ಇದೆ. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ್ದು ಅದರಲ್ಲೊಂದು. ಆದರೆ ನಮ್ಮ ವಿಷಯಕ್ಕೆ ಬೇಕಾದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದ ಕೆಲಸ. ಮಳೆಗಾಲದಲ್ಲಿ ಕೆರೆ ತುಂಬಿ, ಹೆಚ್ಚಿನ ನೀರು ಕೋಡಿ ಹರಿದು ಹೋಗುತ್ತಿತ್ತು. ಬೇಸಿಗೆ ಬಂದರೆ ಅದೇ ನೀರಿಗೆ ಪರದಾಟ. ಕಟ್ಟೆಯನ್ನೇ ಎತ್ತರಿಸಬಹುದಿತ್ತು, ಆದರೆ ಖರ್ಚು ಜಾಸ್ತಿ. ಎಂ.ವಿ. ಕೋಡಿಯ ಮೇಲೆ ತಾವೇ ತೆರೆದು ತಾವೇ ಮುಚ್ಚಿಕೊಳ್ಳುವ ಗೇಟುಗಳನ್ನು ಕೂರಿಸಿದರು. ನೀರು ಒಂದು ಮಟ್ಟ ಮುಟ್ಟುವವರೆಗೆ ಗೇಟು ಮುಚ್ಚಿಯೇ ಇರುತ್ತೆ, ಅದಕ್ಕೂ ಮೇಲೆ ಬಂದರೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತೆ, ಪ್ರವಾಹ ಇಳಿದ ಮೇಲೆ ಮತ್ತೆ ಮುಚ್ಚುತ್ತೆ. 1903ರಲ್ಲಿ ಇದು ಕೆಲಸ ಶುರು ಮಾಡಿತು. ಕಟ್ಟೆ ಹಳೆಯದೇ, ಹಿಡಿದಿಟ್ಟ ನೀರು ಮಾತ್ರ ಜಾಸ್ತಿ.

ಈ ಯೋಚನೆಯ ಧಾಟಿಯನ್ನು ಸ್ವಲ್ಪ ಗಮನಿಸಿ. ಹೊಸದಾಗಿ ಏನು ಕಟ್ಟಲಿ ಅಂತ ಕೇಳುವ ಮೊದಲು, ಈಗಾಗಲೇ ನಮ್ಮ ಕೈಯಿಂದ ಏನು ಹರಿದು ಹೋಗ್ತಾ ಇದೆ ಅಂತ ನೋಡೋದು. ಮುಂದೆ ಭದ್ರಾವತಿಯಲ್ಲೂ ನಡೆದದ್ದು ಇದೇ. ಅಲ್ಲಿ ಹರಿದು ಹೋಗುತ್ತಿದ್ದದ್ದು ನೀರಲ್ಲ, ಹೊಗೆ ಅಷ್ಟೆ.

ದಿವಾನಗಿರಿ ಮತ್ತು ಯುದ್ಧದ ಕಾಲ

1908ರಲ್ಲಿ ಅವರು ಮುಂಬೈ ಸರ್ಕಾರದ ಕೆಲಸ ಬಿಟ್ಟರು. ಅದೇ ವರ್ಷ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಮುಳುಗಿತ್ತು. ಆ ನಗರಕ್ಕೆ ಪ್ರವಾಹ ತಡೆಯುವ ಯೋಜನೆ ಮಾಡಿಕೊಟ್ಟು, 1909ರ ಕೊನೆಗೆ ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರ್ ಆಗಿ ಊರಿಗೆ ಬಂದರು.

ಆಗ ಮೈಸೂರು ವಿದ್ಯುತ್ತಿನ ವಿಷಯದಲ್ಲಿ ದೇಶಕ್ಕೇ ಮುಂದಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಮಾತ್ರ ಕರೆಂಟಿಗೂ ಬರ. ಕನ್ನಂಬಾಡಿ ಕಟ್ಟೆ ಮಂಡ್ಯದ ಗದ್ದೆಗೆ ನೀರು ಕೊಡೋದಕ್ಕೆ ಮಾತ್ರ ಅಂತ ನಾವು ಅಂದುಕೊಂಡಿದ್ದೀವಿ. ಮಳೆಗಾಲದ ನೀರನ್ನು ಹಿಡಿದಿಟ್ಟು ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮ ಬಿಡೋದೂ ಅದರ ಮುಖ್ಯ ಉದ್ದೇಶವಾಗಿತ್ತು. 1911ರಲ್ಲಿ ಕೆಲಸ ಶುರುವಾಯ್ತು, ಪೂರ್ತಿ ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ನಾವು ಯುವಿಸಿಇ ಅಂತ ಕರೆಯೋದು ಆ ಕಾಲೇಜನ್ನೇ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು. ಮೈಸೂರಿನ ಶ್ರೀಗಂಧದ ಮರ ಅಲ್ಲಿಯವರೆಗೆ ಹಡಗು ಹತ್ತಿ ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಆ ದಾರಿ ಮುಚ್ಚಿತು. ಮರ ಇಲ್ಲಿ ರಾಶಿ ಬಿತ್ತು. ಆಗ ಇಲ್ಲೇ ಎಣ್ಣೆ ಇಳಿಸುವ ಕಾರ್ಖಾನೆ ಶುರುವಾಯ್ತು, ಅದರ ಬೆನ್ನಿಗೇ 1918ರಲ್ಲಿ ಸಾಬೂನು ಕಾರ್ಖಾನೆ. ಕಚ್ಚಾಮಾಲು ಮಾರಿದರೆ ಬರುವ ದುಡ್ಡು ಎಷ್ಟು, ಅದನ್ನೇ ಬಟ್ಟಿ ಇಳಿಸಿ ಮಾರಿದರೆ ಎಷ್ಟು ಅನ್ನೋ ಪಾಠ ಸಂಸ್ಥಾನಕ್ಕೆ ಆಗ ಸಿಕ್ಕಿತು. ಕಬ್ಬಿಣದ ಯೋಜನೆ ರೂಪ ಪಡೆದದ್ದು ಇದೇ ಕಾಲದಲ್ಲಿ.

ನಾಲ್ಕು ಟನ್ ಸೌದೆ, ಮೂರು ಟನ್ ಹೊಗೆ

ಮೈಸೂರು ಸೀಮೆಯಲ್ಲಿ ಅದಿರು ಇತ್ತು, ಸುಣ್ಣಕಲ್ಲು ಇತ್ತು, ಕಲ್ಲಿದ್ದಲು ಇರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಕಲ್ಲಿದ್ದಲಿನ ಕೋಕ್ ಬದಲು ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸೋಣ ಅಂತ ತೀರ್ಮಾನವಾಯ್ತು. ಜಾಗ ಭದ್ರಾ ನದಿಯ ದಡದ ಬೆಂಕಿಪುರ, ಅಂದರೆ ಈಗಿನ ಭದ್ರಾವತಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಇದ್ದಿಲಿನ ಬ್ಲಾಸ್ಟ್ ಫರ್ನೇಸಿನಲ್ಲಿ ಒಂದು ಟನ್ ಕಬ್ಬಿಣಕ್ಕೆ ಹತ್ತಿರ ಹತ್ತಿರ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕು ಟನ್ ಒಣ ಸೌದೆ. ಹಾಗಾದರೆ ಉಳಿದ ಮೂರು ಟನ್ ಎಲ್ಲಿ ಹೋಯ್ತು? ಗಾಳಿಗೆ. ನಮ್ಮ ಕಡೆ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡೋದನ್ನು ನೋಡಿದವರಿಗೆ ಇದು ಗೊತ್ತು. ಕಣ್ಣು ಉರಿಯುವಂಥ ಬಿಳಿ ಹೊಗೆ ತೋಟ ದಾಟಿ ಊರಿಗೇ ಬರುತ್ತೆ. ಆ ಕಣ್ಣುರಿಗೆ ಒಂದು ಕಾರಣ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಅದೇ ಹುಳಿ. ಹೊಗೆಯಲ್ಲಿ ಇನ್ನೂ ಮೆಥನಾಲ್ ಇದೆ, ಟಾರು ಇದೆ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್, ಮೀಥೇನ್ ಎಲ್ಲ ಇವೆ.

ಮರವನ್ನು ಬಯಲಿನಲ್ಲಿ ಸುಡುವ ಬದಲು ಗಾಳಿಯಾಡದ ಕಬ್ಬಿಣದ ಪಾತ್ರೆಯಲ್ಲಿ, ಅಂದರೆ ರಿಟಾರ್ಟಿನಲ್ಲಿ ಕಾಸಿದರೆ ಈ ಹೊಗೆಯನ್ನು ಕೊಳವೆಯಲ್ಲಿ ಹಿಡಿಯಬಹುದು. ತಣ್ಣೀರಿನ ಕಂಡೆನ್ಸರಿನಲ್ಲಿ ಹಾಯಿಸಿದರೆ ಕಂದು ಬಣ್ಣದ ಹುಳಿನೀರು ಇಳಿಯುತ್ತೆ. ಅದನ್ನು ನಿಲ್ಲಿಸಿದರೆ ಟಾರು ತಳಕ್ಕೆ ಬೀಳುತ್ತೆ. ಮೇಲಿನ ನೀರಿಗೆ ಸುಣ್ಣ ಬೆರೆಸಿದರೆ ಹುಳಿಯೆಲ್ಲ ಕ್ಯಾಲ್ಸಿಯಂ ಅಸಿಟೇಟ್ ಆಗುತ್ತೆ. ಆಮೇಲೆ ಕಾಸಿದರೆ ಮೆಥನಾಲ್ ಬೇರೆಯಾಗಿ ಬರುತ್ತೆ. (ಬಟ್ಟಿ ಇಳಿಸೋದು ಅಂದ ತಕ್ಷಣ ಹಾಸ್ಟೆಲ್ ಗೆಳೆಯರು ಕಿವಿ ನೆಟ್ಟಗೆ ಮಾಡ್ಕೋಬೇಡಿ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತೆ, ಆಮೇಲೆ ಜೀವವೂ.) ಕೊನೆಗೂ ದ್ರವವಾಗದೆ ಉಳಿದ ಗ್ಯಾಸನ್ನು ಅದೇ ರಿಟಾರ್ಟ್ ಕಾಸೋಕೆ ಉರಿಸಬಹುದು. ಒಂದು ಟನ್ ಒಣ ಗಟ್ಟಿಮರದಿಂದ ಸಾಮಾನ್ಯವಾಗಿ 10ರಿಂದ 20 ಕೆಜಿ ಮೆಥನಾಲ್, 50 ಕೆಜಿ ಆಸುಪಾಸಿನಲ್ಲಿ ಅಸಿಟಿಕ್ ಆಮ್ಲ ಸಿಗುತ್ತೆ. ಕೇಳೋಕೆ ಕಡಿಮೆ ಅನ್ನಿಸಬಹುದು. ಆದರೆ ಯುದ್ಧದ ಕಾಲದಲ್ಲಿ ಕ್ಯಾಲ್ಸಿಯಂ ಅಸಿಟೇಟಿನಿಂದ ಅಸಿಟೋನ್, ಅಸಿಟೋನಿನಿಂದ ಕಾರ್ಡೈಟ್ ಸಿಡಿಮದ್ದು ತಯಾರಾಗುತ್ತಿತ್ತು. ಬೇಡಿಕೆ ಹೇಗಿದ್ದಿರಬಹುದು ನೀವೇ ಊಹಿಸಿಕೊಳ್ಳಿ.

ಭದ್ರಾವತಿಯ ಯೋಜನೆಗೆ ಮೊದಲು ಇಟ್ಟ ಹೆಸರಿನಲ್ಲೇ ಈ ಲೆಕ್ಕ ಇತ್ತು. ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಮರ ಬಟ್ಟಿ ಇಳಿಸೋದು ಮೊದಲು, ಕಬ್ಬಿಣ ಆಮೇಲೆ. ಬರೀ ಕಬ್ಬಿಣ ಮಾರಿ ಇದ್ದಿಲಿನ ಖರ್ಚು ತೂಗಿಸೋದು ಕಷ್ಟ, ಹೊಗೆಯಿಂದ ಬರುವ ಮೆಥನಾಲ್, ಅಸಿಟೇಟ್, ಟಾರು ಮೂರನ್ನೂ ಮಾರಿದರೆ ತಕ್ಕಡಿ ಸರಿಹೋಗುತ್ತೆ ಅನ್ನೋದು ಯೋಜನೆಯ ಜೀವಾಳ.

1923: ಒಂದೇ ವರ್ಷ, ಎರಡು ಕುಲುಮೆ

ಕಾರ್ಖಾನೆ ಕೆಲಸ ಶುರುವಾಗುವ ಹೊತ್ತಿಗೆ ಎಂ.ವಿ. ದಿವಾನಗಿರಿ ಬಿಟ್ಟಾಗಿತ್ತು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ಸಲುವಾಗಿ 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಎಂ.ವಿ.ಗೆ ಆ ದಾರಿ ಒಪ್ಪಿಗೆ ಇರಲಿಲ್ಲ. ಭಿನ್ನಾಭಿಪ್ರಾಯ ಬೆಳೆದು ರಾಜೀನಾಮೆ ಕೊಟ್ಟರು. ಇಂದು ಹಿಂತಿರುಗಿ ನೋಡಿದರೆ ಆ ವಿಷಯದಲ್ಲಿ ಮಹಾರಾಜರ ದೃಷ್ಟಿ ದಿವಾನರದಕ್ಕಿಂತ ದೂರದ್ದಾಗಿತ್ತು ಅನ್ನಿಸುತ್ತೆ. ಹಾರ ಹಾಕುವ ದಿನ ಇದನ್ನು ಮರೆಯಬೇಕಾಗಿಲ್ಲ. ದೊಡ್ಡವರ ಬದುಕನ್ನು ಪೂರ್ತಿ ಓದೋದೇ ಅವರಿಗೆ ಮಾಡುವ ಮರ್ಯಾದೆ.

1923ರ ಜನವರಿ 18ರಂದು ಭದ್ರಾವತಿಯ ಬ್ಲಾಸ್ಟ್ ಫರ್ನೇಸಿಗೆ ಬೆಂಕಿ ಹಾಕಿದರು. ಆದರೆ ಗಳಿಗೆ ಸರಿ ಇರಲಿಲ್ಲ. ಯುದ್ಧ ಮುಗಿದು ಕಬ್ಬಿಣದ ಬೆಲೆ ಜಗತ್ತಿನಾದ್ಯಂತ ಇಳಿದಿತ್ತು. ಕಟ್ಟುವ ಖರ್ಚು ಅಂದಾಜು ಮೀರಿತ್ತು. ಸಂಸ್ಥಾನದ ದುಡ್ಡು ತಿನ್ನುವ ಬಿಳಿಯಾನೆ ಅಂತ ಜನ ಆಡಿಕೊಂಡರು. ಮಹಾರಾಜರು ಮತ್ತೆ ಎಂ.ವಿ.ಯವರನ್ನೇ ಕರೆಸಿ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ಮನಸ್ತಾಪ ಆಗಿ ಬಿಟ್ಟುಹೋದ ದಿವಾನರನ್ನು ಕರೆದದ್ದು ಮಹಾರಾಜರ ದೊಡ್ಡತನ. ಅರವತ್ತು ದಾಟಿದ ವಯಸ್ಸಿನಲ್ಲಿ ಬಂದು ಹೊಣೆ ಹೊತ್ತದ್ದು ಇವರ ದೊಡ್ಡತನ.

ಅದೇ 1923ರಲ್ಲಿ ಜರ್ಮನಿಯ ಲಾಯ್ನಾ ಎಂಬಲ್ಲಿ ಇನ್ನೊಂದು ಕುಲುಮೆ ಕೆಲಸ ಶುರು ಮಾಡಿತು. ಭದ್ರಾವತಿಯಲ್ಲಿ ಅದರ ಬಗ್ಗೆ ಆಗ ಯಾರೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಬಿಎಎಸ್‌ಎಫ್ ಕಂಪನಿಯವರು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಗ್ಯಾಸುಗಳನ್ನು 300 ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ, ವಾತಾವರಣದ ಒತ್ತಡದ 200 ಪಟ್ಟಿಗೂ ಮೀರಿದ ಒತ್ತಡದಲ್ಲಿ, ಸತು ಮತ್ತು ಕ್ರೋಮಿಯಂ ಆಕ್ಸೈಡುಗಳ ವೇಗವರ್ಧಕದ ಮೇಲೆ ಹಾಯಿಸಿ ನೇರವಾಗಿ ಮೆಥನಾಲ್ ಮಾಡಿದರು. ಮರವೂ ಬೇಡ, ಕಾಡೂ ಬೇಡ. ಎರಡೇ ವರ್ಷದಲ್ಲಿ ಆ ಅಗ್ಗದ ಮೆಥನಾಲ್ ಅಮೆರಿಕದ ಬಂದರಿಗೆ ಬಂದಿಳಿದು, ಅಲ್ಲಿನ ಮರ ಬಟ್ಟಿ ಇಳಿಸುವ ಕಂಪನಿಗಳ ಬುಡವನ್ನೇ ಅಲುಗಾಡಿಸಿತು. ಅಸಿಟಿಕ್ ಆಮ್ಲ, ಅಸಿಟೋನ್‌ಗಳಿಗೂ ಬೇರೆ ಅಗ್ಗದ ದಾರಿಗಳು ಬಂದವು.

ಈಗ ನೀವು ಎಂ.ವಿ. ಜಾಗದಲ್ಲಿ ನಿಂತು ಯೋಚನೆ ಮಾಡಿ. ನಿಮ್ಮ ಕೆಮಿಸ್ಟ್ರಿ ತಪ್ಪಿಲ್ಲ. ಕಂಡೆನ್ಸರ್ ಸರಿಯಾಗೇ ಇದೆ. ಹೊಗೆಯಲ್ಲಿ ಮೊದಲಿದ್ದಷ್ಟೇ ಮೆಥನಾಲ್ ಈಗಲೂ ಇದೆ. ಬದಲಾದದ್ದು ಬೆಲೆ ಮಾತ್ರ. ಸಾವಿರಾರು ಮೈಲಿ ದೂರದಲ್ಲಿ ಯಾರೋ ಅದೇ ಪದಾರ್ಥವನ್ನು ಬೇರೆ ದಾರಿಯಲ್ಲಿ ಮಾಡಿದ್ದರಿಂದ, ನೀವು ಕಷ್ಟಪಟ್ಟು ಹಿಡಿದ ಹೊಗೆಯ ಬೆಲೆ ಇಳಿದುಹೋಯ್ತು.

ಎಂ.ವಿ. ಅಲ್ಲಿ ಮಾಡಿದ್ದು ಪವಾಡ ಅಲ್ಲ, ಮನೆ ಲೆಕ್ಕ. ದುಬಾರಿ ಸಂಬಳದ ವಿದೇಶಿ ತಂತ್ರಜ್ಞರ ಸಂಖ್ಯೆ ಇಳಿಸಿ, ಇಲ್ಲಿಯ ಇಂಜಿನಿಯರುಗಳನ್ನು ತಯಾರು ಮಾಡಿ ಆ ಜಾಗಕ್ಕೆ ತಂದರು. ಕಚ್ಚಾ ಕಬ್ಬಿಣವನ್ನು ಬರೀ ಗಟ್ಟಿಯಾಗಿ ಮಾರುವ ಬದಲು ನೀರಿನ ಪೈಪು ಎರಕ ಹೊಯ್ಯುವ ಘಟಕ ಸೇರಿಸಿದರು. ಪ್ರತಿ ವಿಭಾಗದ ಖರ್ಚು ಬೇರೆ ಬೇರೆ ಬರೆಸಿದರು. 1929ರಲ್ಲಿ ಅವರು ಬಿಡುವ ಹೊತ್ತಿಗೆ ಕಾರ್ಖಾನೆ ಮುಚ್ಚುವ ಮಾತು ಹಿಂದೆ ಸರಿದಿತ್ತು. 1936ರಲ್ಲಿ ಉಕ್ಕಿನ ತಯಾರಿಕೆಯೂ ಶುರುವಾಯ್ತು. ಅಧ್ಯಕ್ಷರಾಗಿ ದುಡಿದದ್ದಕ್ಕೆ ಅವರಿಗೆ ಸಲ್ಲಬೇಕಿದ್ದ ಹಣವನ್ನು ಅವರು ಕೈಗೆ ತೆಗೆದುಕೊಳ್ಳಲಿಲ್ಲ. ಹುಡುಗರಿಗೆ ಕೈಕೆಲಸ ಕಲಿಸುವ ಸಂಸ್ಥೆಗೆ ಅದು ಹೋಯ್ತು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಅಂತ ಈಗ ಕರೆಯೋದು ಆಗಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟನ್ನೇ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನಮ್ಮ ಕಾಲೇಜಿಗೆ ಬಂದ ಗೆಳೆಯರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಲೆಕ್ಕಕ್ಕೆ ಸಿಗದ ಒಂದು ಖರ್ಚೂ ಇತ್ತು: ಕಾಡು. ಒಂದು ಟನ್ ಕಬ್ಬಿಣಕ್ಕೆ ನಾಲ್ಕು ಟನ್ ಸೌದೆ ಅಂದರೆ ವರ್ಷಗಟ್ಟಲೆ ಎಷ್ಟು ಮರ ಬಿದ್ದಿರಬೇಕು. ಕಡಿದ ಕಾಡು ಮತ್ತೆ ಬೆಳೆಯುತ್ತೆ, ಸರದಿ ಪ್ರಕಾರ ಕಡಿದರೆ ಸಾಕು ಅನ್ನೋದು ಆ ಕಾಲದ ನಂಬಿಕೆ. ಆದರೆ ಬೆಳೆದು ಬಂದದ್ದು ಯಾವತ್ತೂ ಮೊದಲಿನ ಕಾಡಲ್ಲ. ಇದು ಲಕ್ಕವಳ್ಳಿ, ತಣಿಗೆಬೈಲಿನ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗೆಗೆ ಬೆಲೆ ಕಟ್ಟಿದ ಇಂಜಿನಿಯರು ಮರಕ್ಕೆ ಕಟ್ಟಿದ್ದು ಸೌದೆಯ ಬೆಲೆ ಮಾತ್ರ.

ಕರೆಂಟು ಬಂದ ಮೇಲೆ

1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾಯ್ತು. ಅದಾದ ಮೇಲೆ 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಬಂದವು. ಇಲ್ಲಿ ಒಂದು ಸೂಕ್ಷ್ಮ ಇದೆ, ಕೆಮಿಕಲ್ ಮತ್ತು ಮೆಕ್ಯಾನಿಕಲ್‌ನವರು ಗಮನಿಸಿ. ಬ್ಲಾಸ್ಟ್ ಫರ್ನೇಸಿನಲ್ಲಿ ಇದ್ದಿಲಿಗೆ ಎರಡು ಕೆಲಸ. ಒಂದು, ಉರಿದು ಬಿಸಿ ಕೊಡೋದು. ಎರಡು, ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳೋದು. ವಿದ್ಯುತ್ ಕುಲುಮೆಯಲ್ಲಿ ಬಿಸಿಯ ಕೆಲಸವನ್ನು ಕರೆಂಟು ನೋಡಿಕೊಳ್ಳುತ್ತೆ. ಹಾಗಾಗಿ ಇದ್ದಿಲು ಬಹಳ ಕಡಿಮೆ ಸಾಕು.

ಇನ್ನೊಂದು ವ್ಯತ್ಯಾಸ ಹೊಗೆಯದು. ಬ್ಲಾಸ್ಟ್ ಫರ್ನೇಸಿಗೆ ಗಾಳಿ ಊದುತ್ತಾರೆ, ಗಾಳಿಯ ಜೊತೆ ನೈಟ್ರೋಜನ್ ಬಂದು ಹೊರಬರುವ ಗ್ಯಾಸಿನಲ್ಲಿ ಅರ್ಧದಷ್ಟು ಅದೇ ತುಂಬಿಕೊಂಡಿರುತ್ತೆ. ಹಾಲಿಗೆ ಅರ್ಧಕ್ಕರ್ಧ ನೀರು ಹಾಕಿದ ಹಾಗೆ. ವಿದ್ಯುತ್ ಕುಲುಮೆಗೆ ಗಾಳಿ ಊದೋದೇ ಇಲ್ಲ. ಅದರ ಗ್ಯಾಸಿನಲ್ಲಿ ಹೆಚ್ಚಿನ ಪಾಲು ಕಾರ್ಬನ್ ಮೊನಾಕ್ಸೈಡ್. ಅಂದರೆ ಲಾಯ್ನಾದಲ್ಲಿ ಮೆಥನಾಲ್ ಮಾಡೋಕೆ ಬಳಸಿದ ಎರಡು ಗ್ಯಾಸುಗಳಲ್ಲಿ ಒಂದು. ಮರದ ಮೆಥನಾಲನ್ನು ಯಾವ ಗ್ಯಾಸು ಸೋಲಿಸಿತೋ ಅದೇ ಗ್ಯಾಸು ಕಬ್ಬಿಣದ ಕುಲುಮೆಯ ಬಾಯಲ್ಲೇ ಹೊರಬರ್ತಾ ಇರುತ್ತೆ.

ಇವತ್ತಿನ ಸಂಶೋಧನೆ ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿದೆ. ಚಿಮಣಿಯಿಂದ ಬರುವ ಕಾರ್ಬನ್ ಡೈಆಕ್ಸೈಡನ್ನೇ ಕರೆಂಟಿನಿಂದ ಮತ್ತೆ ಕೆಮಿಕಲ್ ಮಾಡೋದು. ನೀರು ತುಂಬಿದ ಸೆಲ್ಲಿನಲ್ಲಿ ಎರಡು ಎಲೆಕ್ಟ್ರೋಡ್ ಇಟ್ಟು ಈ ಗ್ಯಾಸ್ ಹಾಯಿಸಿದರೆ, ಎಲೆಕ್ಟ್ರೋಡ್ ಬೆಳ್ಳಿಯದಾದರೆ ಕಾರ್ಬನ್ ಮೊನಾಕ್ಸೈಡ್, ತವರದ್ದಾದರೆ ಫಾರ್ಮಿಕ್ ಆಮ್ಲ ಮುಖ್ಯವಾಗಿ ಸಿಗುತ್ತೆ. ತಾಮ್ರದ ಮೇಲೆ ಮೀಥೇನ್, ಎಥಿಲೀನ್ ಕೂಡ ಹುಟ್ಟುತ್ತವೆ ಅಂತ ಜಪಾನಿನ ಯೋಶಿಯೋ ಹೋರಿ 1985ರಲ್ಲಿ ತೋರಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಕಾರ್ಬನ್ ಡೈಆಕ್ಸೈಡನ್ನು ಮೆಥನಾಲ್ ಮಾಡುವ ಕೆಲಸ ನಡೆದಿದೆ. ನಮ್ಮ ಸೀನಿಯರ್ಸ್ ಪ್ರಾಜೆಕ್ಟ್ ಪಟ್ಟಿಯಲ್ಲೂ ಈ ವಿಷಯ ಆಗಾಗ ತಲೆ ಹಾಕುತ್ತೆ.

ಕೇಳೋಕೆ ಎಷ್ಟು ಚೆಂದ ಅಲ್ವಾ? ಹೊಗೆ ಒಳಗೆ, ಕೆಮಿಕಲ್ ಹೊರಗೆ. ಆದರೆ ಭದ್ರಾವತಿಯ ಪಾಠ ಓದಿದವರು ಇಲ್ಲಿಗೇ ಚಪ್ಪಾಳೆ ತಟ್ಟಿ ಎದ್ದು ಹೋಗಬಾರದು. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲೇ ಒಂದು ಲೆಕ್ಕ ಮಾಡಿ ನೋಡೋಣ. ಕಾರ್ಬನ್ ಡೈಆಕ್ಸೈಡಿನ ಒಂದು ಅಣುವನ್ನು ಕಾರ್ಬನ್ ಮೊನಾಕ್ಸೈಡ್ ಮಾಡೋಕೆ ಎರಡು ಎಲೆಕ್ಟ್ರಾನ್ ಬೇಕು. ಕಾರ್ಬನ್ ಮೊನಾಕ್ಸೈಡಿನ ಒಂದು ಮೋಲ್ 28 ಗ್ರಾಂ. ಫ್ಯಾರಡೆ ಸ್ಥಿರಾಂಕ 96,485 ಕೂಲಂಬ್. ಹಾಗಾದರೆ ಒಂದು ಕೆಜಿಗೆ ಸುಮಾರು 69 ಲಕ್ಷ ಕೂಲಂಬ್. ಸೆಲ್ಲು 3 ವೋಲ್ಟಿನಲ್ಲಿ ನಡೀತಾ ಇದೆ, ಒಂದು ಎಲೆಕ್ಟ್ರಾನೂ ಪೋಲಾಗ್ತಿಲ್ಲ ಅಂತ ಇಟ್ಟುಕೊಂಡರೂ ಕೆಜಿಗೆ 5.7 ಯೂನಿಟ್, ಒಂದು ಟನ್ನಿಗೆ 5,700 ಯೂನಿಟ್ ಕರೆಂಟು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಕರೆಂಟಿನ ಬಿಲ್ಲೇ ಸುಮಾರು 40,000 ರೂಪಾಯಿ.

ಇನ್ನೂ ಒಂದು ಸಾಲು ಬರೆಯಿರಿ. ಆ ಒಂದು ಟನ್ ಮಾಡುವಾಗ ನಾವು ಬಳಸಿಕೊಂಡ ಕಾರ್ಬನ್ ಡೈಆಕ್ಸೈಡ್ 1.57 ಟನ್. ಕರೆಂಟು ಕಲ್ಲಿದ್ದಲಿನದಾಗಿದ್ದು, ಯೂನಿಟ್ಟಿಗೆ 0.9 ಕೆಜಿಯಂತೆ ಹಿಡಿದರೆ ಆ 5,700 ಯೂನಿಟ್ಟಿಗೆ ಗಾಳಿಗೆ ಬಿಟ್ಟದ್ದು ಸುಮಾರು 5 ಟನ್. ಒಂದೂವರೆ ಟನ್ ಹೊಗೆ ಹಿಡಿಯೋಕೆ ಐದು ಟನ್ ಹೊಗೆ! ಕರೆಂಟು ಜೋಗದ ನೀರಿನದೋ, ಚಿತ್ರದುರ್ಗದ ಗಾಳಿಯದೋ, ಪಾವಗಡದ ಬಿಸಿಲಿನದೋ ಆದರೆ ಮಾತ್ರ ಈ ತಕ್ಕಡಿ ನಮ್ಮ ಕಡೆ ವಾಲುತ್ತೆ. ಭದ್ರಾವತಿಯಲ್ಲಿ ಮರ ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆ ಇತ್ತಲ್ಲ, ಇಲ್ಲಿ ಅದು ಕರೆಂಟು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಯಾಗುತ್ತೆ.

ಕೊನೆಯ ವರ್ಷಗಳು

ಭದ್ರಾವತಿ ಬಿಟ್ಟ ಮೇಲೂ ಎಂ.ವಿ. ಸುಮ್ಮನೆ ಕೂರಲಿಲ್ಲ. 1934ರಲ್ಲಿ ಇಡೀ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು. ಪಂಚವಾರ್ಷಿಕ ಯೋಜನೆಗಳು ಬರೋದಕ್ಕೆ ಇನ್ನೂ ಹದಿನೇಳು ವರ್ಷ ಇತ್ತು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ, ನೂರು ವರ್ಷ ದಾಟಿದ ಮೇಲೆ ತೀರಿಕೊಂಡರು. ಸಮಾಧಿ ಇರೋದು ಹುಟ್ಟೂರು ಮುದ್ದೇನಹಳ್ಳಿಯಲ್ಲೇ. ಕಾರ್ಖಾನೆಗೆ ಮುಂದೆ ಅವರ ಹೆಸರನ್ನೇ ಇಟ್ಟರು.

ಆ ಕಾರ್ಖಾನೆಯ ಮರ ಬಟ್ಟಿ ಇಳಿಸುವ ವಿಭಾಗ ಈಗಿಲ್ಲ. ಕೆಮ್ಮಣ್ಣುಗುಂಡಿಯ ರೋಪ್‌ವೇಯೂ ಇಲ್ಲ. 2023ರ ಆರಂಭದಲ್ಲಿ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿದ್ದು, ಕಾರ್ಮಿಕರು ಬೀದಿಗಿಳಿದು ಹೋರಾಟ ಮಾಡಿದರು. ಒಂದು ಶತಮಾನದ ಹಿಂದೆ ಕಾರ್ಖಾನೆಯ ಮುಂದಿದ್ದ ಪ್ರಶ್ನೆ ಮತ್ತೆ ಅದರ ಬಾಗಿಲಿಗೇ ಬಂದು ನಿಂತಿತು.

ಇದನ್ನು ಓದುವವರಲ್ಲಿ ಯಾರಾದರೂ ಏಳನೇ ಸೆಮಿಸ್ಟರಿನಲ್ಲಿ ಹೊಗೆಯಿಂದ ಕೆಮಿಕಲ್ ಮಾಡುವ ಪ್ರಾಜೆಕ್ಟ್ ತಗೊಂಡರೆ, ನನ್ನದೊಂದು ಕೋರಿಕೆ. ರಿಪೋರ್ಟಿನ ಕೊನೆಯ ಪುಟದಲ್ಲಿ ಮೂರು ಸಾಲು ಸೇರಿಸಿ. ಒಂದು ಟನ್ನಿಗೆ ಎಷ್ಟು ಯೂನಿಟ್, ಆ ಯೂನಿಟ್ ಎಲ್ಲಿಂದ ಬರುತ್ತೆ, ಇದೇ ಮಾಲನ್ನು ಬೇರೆಯವರು ಎಷ್ಟಕ್ಕೆ ಮಾರ್ತಿದ್ದಾರೆ. ಗೈಡ್ ಕೇಳದೇ ಇರಬಹುದು, ವೈವಾದಲ್ಲೂ ಯಾರೂ ಕೇಳದೇ ಇರಬಹುದು. ಆದರೂ ಬರೆಯಿರಿ.

ರಜೆಗೆ ಊರಿಗೆ ಹೋಗುವಾಗ ತರೀಕೆರೆ ದಾಟಿದ ಮೇಲೆ ಕಿಟಕಿಯಿಂದ ಆ ಬೆಟ್ಟಸಾಲನ್ನು ಒಮ್ಮೆ ನೋಡಿ. ಕೆಂಪು ಮಣ್ಣಿನ ಗಾಯ ಇನ್ನೂ ಅಲ್ಲಲ್ಲಿ ಕಾಣುತ್ತೆ, ಸುತ್ತ ಮತ್ತೆ ಹಸಿರು ಹತ್ತುತ್ತಾ ಇದೆ. ಸೀಟು ಸಿಗದಿದ್ದರೆ ಬಾಗಿಲ ಹತ್ತಿರ ಹುಷಾರಾಗಿ ನಿಂತಾದರೂ ನೋಡಿ. ಕಡೂರಿನವರು ಹೇಗೂ ಕಿಟಕಿ ಬಿಟ್ಟುಕೊಡಲ್ಲ.